ಚಾರ್ಜ್ ಆಯ್ತಾ, ತಮಾ?

ಇದನ್ನ ನಾನು ಹಗಲು ಹೊತ್ತಲ್ಲಿ ಹೇಳುದಿಲ್ಲ. ಹಗಲಲ್ಲಿ ಹೇಳಿದ್ರೆ ಜನ ನಗ್ತಾರೆ. ರಾತ್ರಿ ಯಾರೂ ನಗುದಿಲ್ಲ... ನೀವೂ ನಗುದಿಲ್ಲ.

ಸಾಯಿನಾಥ ನನ್ನ ಚಿಕ್ಕಮ್ಮನ ಮಗ. ಅಂಕೋಲೆ ಹತ್ರದ ಕೇಣಿಯವ. ಎರಡು ಸಾವಿರದ ಎಂಟನೇ ಇಸವಿ, ದೀಪಾವಳಿ ಕಳೆದು ಎರಡು ವಾರ ಆಗಿತ್ತು. ರಾತ್ರಿ ಹತ್ತೂವರೆ. ಡ್ಯೂಟಿ ಮುಗಿಸಿ ಒಬ್ನೇ ನಡೆದು ಮನೆಗೆ ಹೊರಟಿದ್ದ. ಆಲದ ಮರ ದಾಟಬೇಕು, ಅದರ ಬುಡದಲ್ಲಿ ಹಳೇ ಬಾವಿ, ಅದನ್ನೂ ದಾಟಬೇಕು, ಆಮೇಲೆ ಕೆಳಗಿನ ಗೇಟು. ದಿನಾ ಹೋಗುವ ದಾರಿ.

ಅವನ ಡ್ಯೂಟಿ ಎಂಥದ್ದು ಅಂತ ಹೇಳ್ಬೇಕು. ಕೇಣಿ ದಾಟಿ ಸ್ವಲ್ಪ ಮುಂದೆ ಒಂದು ಗೇರುಗುಡ್ಡ ಇತ್ತು. ಅದನ್ನ ಹೊರಗಿನವರು ಯಾರೋ ತಕ್ಕೊಂಡು ಕಾಲನಿ ಮಾಡಿದ್ರು. ಸಮುದ್ರ ಕಾಣುವ ಮನೆಗಳು. ಹುಬ್ಬಳ್ಳಿಯವರು, ಗೋವೆಯವರು, ಮುಂಬೈಯವರು ರಜೆಗೆ ಬಂದು ಇರುದು. ಆ ಕಾಲನಿ ಒಳಗೆ ಪೆಟ್ರೋಲ್ ಗಾಡಿ ಬಿಡುದಿಲ್ಲ. ಹೊಗೆ ಬೇಡ, ಸದ್ದು ಬೇಡ ಅಂತ. ಕಾರು, ರಿಕ್ಷಾ ಎಲ್ಲ ಮೇಲಿನ ಗೇಟಿನ ಹೊರಗೇ ನಿಲ್ಲಬೇಕು. ಒಳಗೆ ತಿರುಗೂಕೆ ಬ್ಯಾಟರಿ ಗಾಡಿ. ಗಾಲ್ಫ್ ಆಡುವವರು ಹುಲ್ಲಿನ ಮೇಲೆ ಓಡಿಸ್ತಾರಲ್ಲ, ಆ ನಮೂನೆದು. ಬಾಗಿಲಿಲ್ಲ, ಮೇಲೊಂದು ಚಪ್ಪರ, ಮುಂದೆ ಎರಡು ಸೀಟು, ಹಿಂದೆ ಬೆನ್ನಿಗೆ ಬೆನ್ನು ಕೊಟ್ಟು ಕೂರುವ ಹಾಗೆ ಇನ್ನೆರಡು.

ಆ ಗಾಡಿಗಳಿಗೆ ಕರೆಂಟು ಕೊಡೂಕೆ ಕಾಲನಿಯಲ್ಲಿ ನಾಲ್ಕು ಕಡೆ ಕಟ್ಟೆ ಕಟ್ಟಿದ್ರು. ಮೇಲೆ ತಗಡು, ಕಂಬಕ್ಕೊಂದು ಪೆಟ್ಟಿಗೆ, ಪೆಟ್ಟಿಗೆಯಿಂದ ದಪ್ಪ ಕರಿ ವೈರು. ಗಾಡಿ ತಂದು ನಿಲ್ಲಿಸಿ ಪ್ಲಗ್ ಚುಚ್ಚಿ ಬಿಟ್ರೆ ಆಯ್ತು. ಯಾರ ಗಾಡಿ ಆದ್ರೂ ಅಡ್ಡಿ ಇಲ್ಲ. ಕೆಂಪು ದೀಪ ಇದ್ರೆ ಚಾರ್ಜ್ ಆಗ್ತಾ ಅದೆ. ಹಸಿರು ಬಂದ್ರೆ ತುಂಬಿತು. ನಮ್ಮವರ ಬಾಯಲ್ಲಿ ಅದು 'ಚಾರ್ಜಿನ ಕಟ್ಟೆ'. ನಾಲ್ಕನೇ ಕಟ್ಟೆ ಇದ್ದದ್ದು ಕೆಳಗೆ, ಆ ಆಲದ ಮರದ ಹತ್ರ. ಮರ ಕಡೀಲಿಲ್ಲ, ನೋಡೂಕೆ ಚಂದ ಅಂತ ಬಿಟ್ಟಿದ್ರು. ಬಾವಿಗೆ ಕಬ್ಬಿಣದ ಜಾಳಿಗೆ ಹಾಕಿದ್ರು.

ಸಾಯಿನಾಥ ಆ ಗಾಡಿ ಓಡಿಸುವವ.

ಆ ರಾತ್ರಿ ಕೆಳಗಿನ ಕಟ್ಟೆಗೆ ಒಂದು ಗಾಡಿ ಹಚ್ಚಿ, ಕೆಂಪು ದೀಪ ನೋಡಿಕೊಂಡು, ಹೊರಟ. ಚಾರ್ಜರಿನ ಸದ್ದು ಬೆನ್ನ ಹಿಂದೆ... ಗುಂಯ್ಯ್ ಅಂತ, ಜೇನುಹುಳ ಪೆಟ್ಟಿಗೆ ಒಳಗೆ ಸಿಕ್ಕಿದ ಹಾಗೆ. ಬಾವಿ ದಾಟಿದ. ಹತ್ತು ಹೆಜ್ಜೆ ಹೋಗಿರಬೇಕು.

ಟಕ್.

ಸದ್ದು ನಿಂತಿತು.

ಕರೆಂಟು ಹೋಯ್ತಾ ಅಂತ ತಿರುಗಿ ನೋಡಿದ. ರಸ್ತೆ ದೀಪ ಉರೀತಾ ಇತ್ತು. ಕಟ್ಟೆಯಲ್ಲಿ ಮಾತ್ರ ಕೆಂಪೂ ಇಲ್ಲ, ಹಸಿರೂ ಇಲ್ಲ. ಪ್ಲಗ್ ಸಡಿಲ ಆಗಿರಬೇಕು ಅಂತ ವಾಪಸ್ ಬಂದ. ಪ್ಲಗ್ ಬಿಗಿಯಾಗೇ ಇತ್ತು. ಅದನ್ನ ಒತ್ತಿ ಹಿಡಿದು ಬಗ್ಗಿದ್ದಾಗ ಮರದ ಬುಡದಿಂದ ಒಂದು ಸಣ್ಣ ಸದ್ದು. ಚರ್... ಚರ್... ಮಣಿಸರ ಒಂದಕ್ಕೊಂದು ತಾಗಿದ ಹಾಗೆ. ಆಮೇಲೆ ಯಾರೋ ಕೆಮ್ಮಿದ ಹಾಗೆ. ಆಮೇಲೆ, ಬಹಳ ಮೆಲ್ಲಗೆ...

"ಚಾರ್ಜ್ ಆಯ್ತಾ, ತಮಾ?"

ಸಾಯಿನಾಥ ತಲೆ ಎತ್ತಲಿಲ್ಲ. ಎತ್ತಿದ್ರೆ ಎಂತ ಕಾಣ್ತಿತ್ತು ಅಂತ ಅವನಿಗೆ ಗೊತ್ತಿತ್ತು. ಪ್ಲಗ್ ಅಲ್ಲೇ ಬಿಟ್ಟು ಓಡಿದ. ಕೆಳಗಿನ ಗೇಟಿನ ವಾಚ್‌ಮನ್ ಜಟ್ಟಪ್ಪ ಏನೋ ಕೇಳಿದ್ನಂತೆ, ಇವ ನಿಲ್ಲಲಿಲ್ಲ. ಒಂದು ಚಪ್ಪಲಿ ದಾರಿಯಲ್ಲೇ ಹೋಯ್ತು.

ಯಾಕೆ ಅಷ್ಟು ಹೆದರಿದ? ಅದಕ್ಕೆ ಹನ್ನೊಂದು ದಿನ ಹಿಂದಿನದು ಹೇಳಬೇಕು.

ಬೀರಿ ಅಂತ ಒಬ್ಬಳು ಮುದುಕಿ ಇದ್ದಳು. ಎಲ್ಲರೂ ಬೀರಜ್ಜಿ ಅಂತಿದ್ರು. ಕೆಳಗಿನ ಗೇಟಿನ ಹೊರಗೆ, ಉಪ್ಪುನೀರು ನುಗ್ಗುವ ಗಜನಿ ಗದ್ದೆ ಅದೆಯಲ್ಲ, ಅದರ ಆಚೆ ಮನೆ. ಅವಳು, ಮಗಳು ಹೊನ್ನು, ಇಬ್ಬರೇ. ಬೀರಜ್ಜಿ ಬುಟ್ಟಿಯಲ್ಲಿ ಹರಿವೆ, ಬಸಳೆ, ಸೌತೆಕಾಯಿ ಹೊತ್ತು ಕಾಲನಿಯ ಮನೆ ಮನೆಗೆ ಮಾರ್ತಿದ್ದಳು. ಕುತ್ತಿಗೆ ತುಂಬ ಮಣಿಸರ. ಅವಳು ಬಂದದ್ದು ಆ ಸರದ ಸದ್ದಿಗೇ ತಿಳೀತಿತ್ತು.

ಆ ದಿನ ಮಧ್ಯಾಹ್ನ ಒಂದು ಗಂಟೆ. ಸಾಯಿನಾಥ ಕೆಳಗಿನ ಕಟ್ಟೆಯಲ್ಲಿ ಕೂತಿದ್ದ. ಬೀರಜ್ಜಿ ಬಂದು ಕಂಬ ಹಿಡಿದು ನಿಂತಳು. ಮುಖ ಎಲ್ಲ ಬೆವರು. ಎಡಗೈ ಎದೆ ಮೇಲೆ.

"ತಮಾ, ಎದೆ ಹಿಡ್ದ ಹಾಂಗೆ ಆಗ್ತಾ ಅದೆ. ನಡೂಕೆ ಆಗುದಿಲ್ಲ. ಗಾಡಿ ಮೇಲೆ ನನ್ನ ಮನೆಗೆ ಬಿಡ್ತ್ಯಾ?"

ಹಿಂದಿನ ತಿಂಗಳು, ಮನೆ ಕಟ್ಟುವ ಗೌಂಡಿ ಒಬ್ಬನ ಹೆಂಡತಿಯನ್ನ ಗೇಟಿನ ತನಕ ಬಿಟ್ಟಿದ್ದಕ್ಕೆ ಮ್ಯಾನೇಜರ್ ಗುರುಪ್ರಸಾದ ಇವನನ್ನ ಎಲ್ಲರ ಎದುರು ನಿಲ್ಲಿಸಿ ಬೈದಿದ್ದ. "ಇದು ಮನೆ ಮಾಲಕರ ಗಾಡಿ. ಹೊರಗಿನವರನ್ನ ಇನ್ನೊಂದ್ಸಲ ಹತ್ತಿಸಿದ್ರೆ ಚಾವಿ ಕೊಟ್ಟು ಮನೆಗೆ ಹೋಗು" ಅಂತ. ಸಾಯಿನಾಥನಿಗೆ ಅದೇ ತಲೆಯಲ್ಲಿ ಇತ್ತು. ಆಗುದಿಲ್ಲ ಅಂತ ಮುಖಕ್ಕೆ ಹೇಳೂಕೂ ಮನಸ್ಸಾಗಲಿಲ್ಲ.

"ಗಾಡಿ ಚಾರ್ಜ್ ಆಗ್ತಾ ಅದೆ ಅಜ್ಜಿ. ಆಗ್ಲಿ, ಅಲ್ಲಿ ನೆರಳಲ್ಲಿ ಕೂತ್ಕೊ. ಆದ ಕೂಡ್ಲೆ ಬಿಡ್ತೆ."

ಬೀರಜ್ಜಿ ಮರದ ಬುಡದಲ್ಲಿ ಕೂತಳು. ಬುಟ್ಟಿ ಪಕ್ಕಕ್ಕಿಟ್ಟು ಬೇರಿಗೆ ಬೆನ್ನು ಕೊಟ್ಟಳು. ಸ್ವಲ್ಪ ಹೊತ್ತಿಗೆ ಕಣ್ಣು ಮುಚ್ಚಿತು.

ಅಷ್ಟರಲ್ಲಿ ಮೇಲಿನ ಮನೆಯಿಂದ ಫೋನು ಬಂತು. ಯಾರನ್ನೋ ಗೇಟಿಗೆ ಬಿಡಬೇಕು. ಸಾಯಿನಾಥ ಮೆಲ್ಲಗೆ ಪ್ಲಗ್ ತೆಗೆದ. ಮೆಲ್ಲಗೆ ಗಾಡಿ ಹತ್ತಿದ. ಬ್ಯಾಟರಿ ಗಾಡಿಗೆ ಸದ್ದೇ ಇಲ್ಲ ನೋಡಿ... ಪಕ್ಕದಲ್ಲೇ ಮಲಗಿದವರಿಗೂ ತಿಳಿಯುದಿಲ್ಲ. ಹೊರಟೇ ಹೋದ. ಎಚ್ಚರ ಆದ್ಮೇಲೆ ಅಜ್ಜಿ ತಾನೇ ಎದ್ದು ಹೋಗ್ತದೆ ಅಂದುಕೊಂಡ.

ನಾಲ್ಕು ಗಂಟೆಗೆ ವಾಪಸ್ ಬಂದಾಗ ಅಜ್ಜಿ ಹಾಗೇ ಕೂತಿದ್ದಳು. ಕಣ್ಣು ಮಾತ್ರ ತೆರೆದಿತ್ತು. ಕಟ್ಟೆಯ ಕಡೆ ನೋಡ್ತಿತ್ತು. ಇವ ಹತ್ರ ಹೋಗಿ ಕೈ ಮುಟ್ಟಿದ. ತಣ್ಣಗೆ.

ಆಚೀಚಿನ ಮನೆಗಳು ಆಗಿನ್ನೂ ಪೂರ್ತಿ ಆಗಿರಲಿಲ್ಲ. ಅಲ್ಲಿ ಯಾರೂ ಓಡಾಡ್ತಿರಲಿಲ್ಲ. ಹಾಗಾಗಿ ಕಂಡವರಿಲ್ಲ. ಸಾಯಿನಾಥ "ನಾ ಬಂದಾಗ ಹೀಗೇ ಇದ್ದಳು" ಅಂದ. ಅಷ್ಟೇ ಅಂದ. ಹೆಣ ಅಂಕೋಲೆಗೆ ಹೋಯ್ತು. ಪೋಸ್ಟ್‌ಮಾರ್ಟಂ ಮುಗಿಯುವಷ್ಟರಲ್ಲಿ ಕತ್ತಲೆ. ಇನ್ನು ಗಜನಿ ದಾಟಿ ಮನೆಗೆ ಒಯ್ಯೂಕೆ ಆಗುದಿಲ್ಲ ಅಂತ ಅಲ್ಲಿಂದ ಸೀದಾ ಮಸಣಕ್ಕೆ ಒಯ್ದ್ರು. ಬೀರಜ್ಜಿ ಮನೆಗೆ ಬರಲೇ ಇಲ್ಲ.

ಈಗ ತಿಳೀತಲ್ಲ, ಸಾಯಿನಾಥ ಯಾಕೆ ಓಡಿದ ಅಂತ.

ಓಡಿದ ಮರುದಿನ ಬೆಳಿಗ್ಗೆ ಕೆಳಗಿನ ಕಟ್ಟೆಯ ಗಾಡಿಯಲ್ಲಿ ಚಾರ್ಜ್ ಇಲ್ಲ. ಇದ್ದದ್ದೂ ಖಾಲಿ. ಅದರ ಮರುದಿನವೂ ಹಾಗೇ. ಬೇರೆ ಗಾಡಿ ಹಚ್ಚಿದ್ರೂ ಹಾಗೇ. ಎಲೆಕ್ಟ್ರಿಶಿಯನ್ ಬಂದು ಪೆಟ್ಟಿಗೆ ಬಿಚ್ಚಿ ನೋಡಿದ. ವೈರು ಸರಿ, ಕರೆಂಟು ಸರಿ. ಉಳಿದ ಮೂರು ಕಟ್ಟೆಗಳಲ್ಲಿ ಎಂಥದೂ ತೊಂದರೆ ಇಲ್ಲ. ಗುರುಪ್ರಸಾದನಿಗೆ ಸಂಶಯ ಬಂತು. ರಾತ್ರಿ ಯಾರೋ ಗಾಡಿ ಹೊರಗೆ ಒಯ್ದು ಓಡಿಸ್ತಿದ್ದಾರೆ, ಅದೂ ಚಾವಿ ಇದ್ದವರೇ ಅಂತ.

ಸಾಯಿನಾಥ ಮನೆಯಲ್ಲಿ ಬಾಯಿ ಬಿಡಲಿಲ್ಲ. ಹೆಂಡತಿ ಸ್ವಾತಿ ಕೇಳಿದ್ದಕ್ಕೆ ಜ್ವರ ಅಂದ, ಹೊಟ್ಟೆನೋವು ಅಂದ. ನಾಲ್ಕನೇ ದಿನ ರಾತ್ರಿ ಮನೆಗೆ ಹೋದಾಗ ಸ್ವಾತಿ ಬಾಗಿಲು ತೆರೆದು ಜಗಲಿ ಕಡೆ ಇಣುಕಿ ನೋಡಿದಳು.

"ಅಜ್ಜಿ ಹೋಯ್ತಾ?" ಅಂದಳು.

"ಯಾವ ಅಜ್ಜಿ?"

"ಯಾರೋ ಗುರ್ತಿಲ್ಲ. ಆಗ ಬಂದಿತ್ತು. ನಾ ಒಳಗೆ ಮೊಬೈಲ್ ಚಾರ್ಜಿಗೆ ಇಟ್ಟಿದ್ದೆ. ಹೊರಗೆ ನಿಂತು 'ಚಾರ್ಜ್ ಆಯ್ತಾ' ಅಂತ ಕೇಳ್ತು. ಮೊಬೈಲ್ ಇಟ್ಟಿದ್ದು ಅದಕ್ಕೆ ಹ್ಯಾಂಗೆ ಗೊತ್ತಾಯ್ತೋ..."

"ನೀ ಎಂತ ಅಂದೆ?"

"ಇನ್ನೂ ಆಗ್ಲಿಲ್ಲ ಅಂದೆ. 'ಹಾಂಗಾದ್ರೆ ಕೂತಿರ್ತೆ' ಅಂತು. ಇಲ್ಲೇ ಜಗಲಿ ಮೇಲೆ ಕೂತ್ಕಂತು."

ಜಗಲಿ ಮೇಲೆ ಯಾರೂ ಇರಲಿಲ್ಲ. ಸಾಯಿನಾಥ ಒಳಗೆ ಹೋಗಿ ಮೊದಲು ಮೊಬೈಲಿನ ವೈರು ಕಿತ್ತ. ಬಾಗಿಲಿಗೆ ಅಡ್ಡ ಹಾಕಿದ. ಸ್ವಾತಿ ಏನಾಯ್ತು ಏನಾಯ್ತು ಅಂತ ಕೇಳ್ತಾನೇ ಇದ್ದಳು. ಹೇಳಲಿಲ್ಲ. ರಾತ್ರಿ ಇಡೀ ಗೋಡೆಗೆ ಒರಗಿ ಕೂತ. ಹೊರಗೆ ಜಗಲಿಯಲ್ಲಿ ಆಗಾಗ... ಚರ್... ಚರ್... ಅಷ್ಟೇ. ಮಾತಿಲ್ಲ. ಕಾಯ್ತಾ ಕೂತವರು ಮೈ ಆಚೀಚೆ ಮಾಡಿದ ಹಾಗೆ.

ಬೆಳಿಗ್ಗೆ ಗುರುಪ್ರಸಾದ ಕರೆದ. "ಈ ರಾತ್ರಿ ನೀನೇ ಕಟ್ಟೆಯಲ್ಲಿ ಕೂತು ಕಾಯಬೇಕು. ನಾಳೆಯೂ ಗಾಡಿ ಖಾಲಿ ಇದ್ರೆ ನಾ ಪೊಲೀಸರಿಗೆ ಹೇಳ್ತೇನೆ."

"ಸರ್, ಬೇರೆ ಯಾರನ್ನಾದ್ರೂ..."

"ಯಾಕೆ? ನಿಂಗೆ ಎಂತಕ್ಕೆ ಹೆದರಿಕೆ?"

ಸಾಯಿನಾಥ ತಲೆ ತಗ್ಗಿಸಿ ಹೊರಗೆ ಬಂದ.

ರಾತ್ರಿ ಜಟ್ಟಪ್ಪನ ಕಾಲು ಹಿಡಿದ. ಜಟ್ಟಪ್ಪ ಅರವತ್ತರ ಹತ್ರದವ, ಹಳೇ ಮನುಷ್ಯ. ಗೇಟಿಗೆ ಬೀಗ ಹಾಕಿ ಟಾರ್ಚು ಹಿಡಿದು ಬಂದು ಇವನ ಪಕ್ಕ ಕೂತ. ಇಬ್ಬರೂ ಗಾಡಿಯ ಮುಂದಿನ ಸೀಟಿನಲ್ಲಿ. ಚಾರ್ಜರ್ ಗುಂಯ್ಯ್ ಅಂತಿತ್ತು. ಕೆಂಪು ದೀಪದ ಬೆಳಕು ಜಟ್ಟಪ್ಪನ ಮೀಸೆ ಮೇಲೆ ಬಿದ್ದಿತ್ತು.

ಹನ್ನೆರಡಾಯ್ತು. ಒಂದಾಯ್ತು. ಸಮುದ್ರದ ಸದ್ದು ಬಿಟ್ರೆ ಏನಿಲ್ಲ. ಜಟ್ಟಪ್ಪನೇ ಬಾಯಿ ತೆಗೆದ, ಪಿಸುಮಾತಲ್ಲಿ.

"ನಂಗೂ ಕೇಳ್ತದೆ, ಸಾಯಿ."

ಸಾಯಿನಾಥ ಅವನ ಕಡೆ ತಿರುಗಿದ.

"ವಾರ ಆಯ್ತು. ನನ್ನ ಕೂಡೆ ಕೇಳುದಲ್ಲ ಅದು. ಯಾರೋ ಅದಕ್ಕೆ ಮಾತು ಕೊಟ್ಟಿರಬೇಕು. ನೀ ಎಂತಾದ್ರೂ ಹೇಳಿದ್ಯಾ?"

ಸಾಯಿನಾಥ ಆಗ ಮೊದಲ ಸಲ ಹೇಳಿದ. ಕೂತ್ಕೊ ಅಂದದ್ದು. ಚಾರ್ಜ್ ಆಗ್ತಾ ಅದೆ ಅಂದದ್ದು. ಮೆಲ್ಲಗೆ ಗಾಡಿ ತಕ್ಕೊಂಡು ಹೋದದ್ದು. ಎಲ್ಲ.

"ಆವಾಗ ಚಾರ್ಜ್ ಆಗಿರ್ಲಿಲ್ವಾ?"

"ಆಗಿತ್ತು."

ಜಟ್ಟಪ್ಪ ಬೀಡಿ ಹೊರಗೆ ತೆಗೆದ, ಹಚ್ಚಲಿಲ್ಲ.

ಟಕ್.

ಗುಂಯ್ಯ್ ಸದ್ದು ನಿಂತಿತು. ಕೆಂಪು ದೀಪ ಹೋಯ್ತು. ಗಾಡಿಯ ಮೀಟರಿನ ಮುಳ್ಳು, ಅವರು ನೋಡ್ತಾ ಇದ್ದ ಹಾಗೇ, ಸೊನ್ನೆಗೆ ಇಳೀತು. ಮರದ ಬುಡದಲ್ಲಿ ಒಣಗಿದ ಎಲೆ ಸರಕ್ ಅಂತು. ಒಂದು ಹೆಜ್ಜೆ. ಇನ್ನೊಂದು ಹೆಜ್ಜೆ... ಎಳೆದು ಎಳೆದು ಇಡುವ ಕಾಲು. ಕಟ್ಟೆಯ ಸಿಮೆಂಟಿನ ಮೇಲೆ ಬಂತು. ಗಾಡಿಯ ಹಿಂದೆ ಬಂತು.

ಹಿಂದಿನ ಸೀಟು ಕಿರ್ರ್ ಅಂತ ಕುಸೀತು.

ಗಾಡಿ ಇಡೀ ಹಿಂದಕ್ಕೆ ಸ್ವಲ್ಪ ವಾಲಿತು ಅಂತ ಸಾಯಿನಾಥ ಇವತ್ತಿಗೂ ಹೇಳ್ತಾನೆ. ಬೀರಜ್ಜಿ ಬಡಕಲು ಹೆಂಗಸು. ಆ ಭಾರ ಅವಳದಲ್ಲ ಅಂತಾನೆ. ಇವನ ಬೆನ್ನಿಗೆ, ಸೀಟಿನ ಆ ಕಡೆಯಿಂದ, ಇನ್ನೊಂದು ಬೆನ್ನು ಒರಗಿದ ಹಾಗೆ ಆಯ್ತು. ತಣ್ಣಗೆ.

"ಚಾರ್ಜ್ ಆಯ್ತಾ, ತಮಾ?"

ಜಟ್ಟಪ್ಪ ಇವನ ಮೊಣಕೈ ಗಟ್ಟಿ ಹಿಡಿದ. ತುಟಿ ಮಾತ್ರ ಅಲ್ಲಾಡಿತು. "ಆಯ್ತು ಅನ್ನು... ಆಯ್ತು ಅಂತ ಹೇಳು, ಮಾರಾಯಾ."

ಸಾಯಿನಾಥ ಚಾವಿಗೆ ಕೈ ಹಚ್ಚಿದ.

"ಆಯ್ತು ಅಜ್ಜಿ."

ಜಟ್ಟಪ್ಪ ಇಳಿದು ಹೋದ. ಹಿಂದೆ ನೋಡದೆ ನಡೆದು ಕೆಳಗಿನ ಗೇಟಿನ ಸರಪಳಿ ಬಿಚ್ಚಿದ. ಸರಪಳಿ ಕಬ್ಬಿಣಕ್ಕೆ ತಾಗಿ ಖಣ ಖಣ ಅಂದದ್ದು ಸಾಯಿನಾಥನಿಗೆ ಎಲ್ಲೋ ದೂರ ಕೇಳಿದ ಹಾಗಿತ್ತು. ಚಾವಿ ತಿರುಗಿಸಿದ. ಮುಳ್ಳು ಸೊನ್ನೆಯಲ್ಲೇ ಇತ್ತು. ಪೆಡಲು ಒತ್ತಿದ. ಗಾಡಿ ಹೊರಟಿತು.

ಗೇಟು ದಾಟಿದ ಮೇಲೆ ರಸ್ತೆ ದೀಪ ಇಲ್ಲ. ಗಾಡಿಯ ದೀಪವೂ ಉರೀಲಿಲ್ಲ. ಎರಡೂ ಕಡೆ ಗಜನಿಯ ನೀರಿನ ವಾಸನೆ. ಕಪ್ಪೆ ಕೂಗ್ತಿದ್ದವು... ಗಾಡಿ ಹತ್ರ ಬಂದ ಹಾಗೆ ಸುಮ್ಮನಾಗ್ತಿದ್ದವು, ದಾಟಿದ ಮೇಲೆ ಮತ್ತೆ ಕೂಗ್ತಿದ್ದವು. ಬೀರಜ್ಜಿಯ ಮನೆ ಇವ ಯಾವತ್ತೂ ನೋಡಿದವನಲ್ಲ. ದಾರಿ ಗೊತ್ತಿಲ್ಲ.

"ಎಡಕ್ಕೆ."

ತಿರುಗಿಸಿದ.

ಸುಮಾರು ದೂರ ಹೋದ ಮೇಲೆ ಅವನಿಗೆ ತಡೆಯಲಿಲ್ಲ. ಮುಂದೆ ನೋಡ್ಕೊಂಡೇ ಹೇಳಿದ. "ಅಜ್ಜಿ, ನಾ ಆವತ್ತು ಸುಳ್ಳು ಹೇಳ್ದೆ. ಗಾಡಿ ಚಾರ್ಜ್ ಆಗಿತ್ತು. ಕೆಲಸ ಹೋಗ್ತದೆ ಅಂತ ಹೆದರಿ..."

ಹಿಂದೆ ಮಣಿಸರದ ಸದ್ದು ಮಾತ್ರ, ಗಾಡಿ ಕುಲುಕಿದ ಹಾಗೆ. ಚರ್... ಚರ್...

ಆಮೇಲೆ ಅಂತು, "ಗೊತ್ತಿತ್ತು, ತಮಾ. ಹಸಿರು ದೀಪ ನಾ ಕಂಡಿದ್ದೆ."

ಸಾಯಿನಾಥ ಅತ್ತ. ದೊಡ್ಡ ಗಂಡಸು, ಸ್ಟೇರಿಂಗ್ ಹಿಡ್ಕೊಂಡು ಮಗು ಹಾಗೆ ಅತ್ತ. ಕಣ್ಣೀರಿಗೆ ದಾರಿ ಕಾಣಲಿಲ್ಲ, ಕಾಣೂಕೆ ಬೆಳಕೂ ಇರಲಿಲ್ಲ. ಗಾಡಿ ಮಾತ್ರ ಹೋಗ್ತಾನೇ ಇತ್ತು. ಎಷ್ಟು ಹೊತ್ತೋ ಗೊತ್ತಿಲ್ಲ. ಒಂದು ಕಡೆ ತಾನಾಗೇ ನಿಂತಿತು. ಹಿಂದಿನ ಸೀಟು ಕಿರ್ರ್ ಅಂತ ಮೇಲೆ ಬಂತು. ಬೆನ್ನ ಮೇಲಿನ ತಂಪು ಹೋಯ್ತು.

ಕಣ್ಣೊರೆಸಿ ನೋಡಿದ್ರೆ ಒಂದು ಅಂಗಳ. ತುಳಸಿಕಟ್ಟೆ. ಸಣ್ಣ ಮನೆ. ಬಾಗಿಲು ತೆರೆದು ಒಬ್ಬಳು ಹೆಂಗಸು ಚಿಮಣಿ ದೀಪ ಹಿಡಿದು ನಿಂತಿದ್ದಳು. ಹೊನ್ನು.

"ಯಾರು?"

"ನಾನು... ಕಾಲನಿ ಗಾಡಿಯವ. ಸಾಯಿನಾಥ."

ಹೊನ್ನು ಅವನನ್ನ ನೋಡಲಿಲ್ಲ. ಅವನ ಹಿಂದೆ ನೋಡಿದಳು, ಆಮೇಲೆ ತನ್ನ ಪಕ್ಕ, ಬಾಗಿಲಿನ ಸಂದು. ಯಾರೋ ಒಳಗೆ ಹೋಗೂಕೆ ದಾರಿ ಬಿಟ್ಟ ಹಾಗೆ ಸ್ವಲ್ಪ ಸರಿದು ನಿಂತಳು. ಬೇಕು ಅಂತ ಸರಿದಳೋ, ಹಾಗೇ ಸರಿದಳೋ, ಅವಳಿಗೇ ಗೊತ್ತಿಲ್ಲ. ನಾನು ಆಮೇಲೆ ಕೇಳಿದ್ದೆ.

ಸಾಯಿನಾಥ ಅಂಗಳದಲ್ಲೇ ಕುಸಿದು ಕೂತು ಎಲ್ಲ ಹೇಳಿದ. ಹೊಡೀತಾಳೆ, ಬೈತಾಳೆ ಅಂದುಕೊಂಡಿದ್ದ. ಹೊನ್ನು ಚಿಮಣಿ ದೀಪ ಕೆಳಗಿಟ್ಟಳು.

"ಅವ್ವಿ ಆವತ್ತು ಬೆಳಿಗ್ಗೆ ಗಂಜಿ ಉಣ್ಣದೇ ಹೋಗಿತ್ತು" ಅಂದಳು. "ಬಂದು ಉಣ್ತೆ ಅಂದಿತ್ತು."

ಆಮೇಲೆ, "ನಿನ್ನ ನಾ ಕ್ಷಮಿಸ್ದೆ ಅಂತ ತಿಳ್ಕಬೇಡ. ಆದ್ರೆ ಈಗ ಹೊರಗೆ ಹೋಗಬೇಡ. ಬೆಳಕಾಗ್ಲಿ" ಅಂದಳು. ಒಂದು ಚಾಪೆ ಜಗಲಿಗೆ ಎಸೆದು ಒಳಗೆ ಹೋದಳು. ಒಳಗೆ ಅವಳು ಒಲೆ ಹಚ್ಚಿದ ಸದ್ದು ಇವನಿಗೆ ಕೇಳ್ತು. ತಾಟು ಇಟ್ಟ ಸದ್ದು ಕೇಳ್ತು.

ಸಾಯಿನಾಥನಿಗೆ ಎಂಟು ದಿನ ಜ್ವರ. ಎದ್ದ ಮೇಲೆ ಚಾವಿ ತಾನೇ ಗುರುಪ್ರಸಾದನ ಮೇಜಿನ ಮೇಲೆ ಇಟ್ಟು ಬಂದ. ಈಗ ಕೇಣಿಯಲ್ಲಿ ದೋಣಿಗೆ ಹೋಗ್ತಾನೆ. ವರ್ಷಕ್ಕೊಂದು ಸಲ ಹೊನ್ನುವಿನ ಮನೆಗೆ ಹೋಗಿ ಮೀನು ಕೊಟ್ಟು ಬರ್ತಾನೆ. ಅವಳು ತಕ್ಕೊಳ್ತಾಳೆ, ಕೂರು ಅನ್ನುದಿಲ್ಲ. ಕೆಳಗಿನ ಕಟ್ಟೆಯಲ್ಲಿ ಆ ರಾತ್ರಿಯ ನಂತರ ಎಲ್ಲ ಗಾಡಿಯೂ ಸರಿಯಾಗಿ ಚಾರ್ಜ್ ಆಗ್ತದೆ.

ಹೆದರಿಕೆಗೆ ಏನೇನೋ ಕಾಣ್ತದೆ, ಕೇಳ್ತದೆ ಅಂತ ನೀವು ಹೇಳಬಹುದು. ನಾನೂ ಹಾಗೇ ಅಂದುಕೊಳ್ತಿದ್ದೆ. ಆದ್ರೆ ಆ ಬೆಳಿಗ್ಗೆ ಕಾಲನಿಯಿಂದ ನಂಗೆ ಫೋನು ಬಂತು. ನಾನು ಆಗ ಬೈತಖೋಲ ಬಂದರದಲ್ಲಿ ಲೋಡಿಂಗ್ ಕೆಲಸಕ್ಕೆ ಹೋಗ್ತಿದ್ದೆ. ಹೊನ್ನುವಿನ ಅಂಗಳದಿಂದ ಗಾಡಿ ತರಬೇಕು, ಏಳು ಜನ ಗಟ್ಟಿ ಆಳುಗಳನ್ನ ಕರ್ಕೊಂಡು, ಹಗ್ಗ ಹಿಡ್ಕೊಂಡು ಬಾ ಅಂದ್ರು. ಗಾಡಿ ತರೂಕೆ ಎಂಟು ಜನ ಯಾಕೆ ಅಂತ ನಂಗೆ ಅರ್ಥ ಆಗಲಿಲ್ಲ. ಹೋಗಿ ನೋಡಿದ ಮೇಲೆ ಆಯ್ತು.

ಹೊನ್ನುವಿನ ಮನೆಗೆ ರಸ್ತೆ ಇಲ್ಲ. ಸುತ್ತ ನಾಲ್ಕೂ ಕಡೆ ಉಪ್ಪುನೀರಿನ ಹಳ್ಳ. ಹಳ್ಳಕ್ಕೆ ಒಂದೇ ಒಂದು ಸಂಕ. ಎರಡು ತೆಂಗಿನ ಮರ ಜೋಡಿಸಿ ಅಡ್ಡ ಹಾಕಿದ್ದು, ಒಬ್ಬರ ಹಿಂದೆ ಒಬ್ಬರು ಕೈ ಚಾಚಿ ನಡೀಬೇಕು. ಅಗಲ ಒಂದೂವರೆ ಅಡಿ. ನಾನೇ ಹಗ್ಗ ಹಿಡಿದು ಅಳೆದೆ. ಗಾಡಿಯ ಅಗಲ ನಾಲ್ಕು ಅಡಿ. ಸಂಕದ ಈ ಕಡೆ ಕೆಸರಿನ ತನಕ ಚಕ್ರದ ಗುರುತು ಅದೆ. ಆ ಕಡೆ ಅಂಗಳದಲ್ಲಿ ಚಕ್ರದ ಗುರುತು ಅದೆ. ಮಧ್ಯ ಮರದ ಮೇಲಿನ ಹಸಿರು ಪಾಚಿ ಎಲ್ಲೂ ಉಜ್ಜಿ ಹೋಗಿರಲಿಲ್ಲ.

ಆರು ಬ್ಯಾಟರಿ ಬಿಚ್ಚಿ ಒಂದೊಂದಾಗಿ ಮೊದಲು ದಾಟಿಸಿದೆವು. ಆಮೇಲೆ ನೀರು ಇಳಿಯುವ ತನಕ ಕಾದು, ಸೊಂಟದ ತನಕ ಕೆಸರಲ್ಲಿ ಇಳಿದು, ಎಂಟು ಜನ ಹೆಗಲು ಕೊಟ್ಟು ಗಾಡಿ ಈಚೆ ತಂದೆವು. ಮಧ್ಯಾಹ್ನ ಆಗಿತ್ತು. ಹೊತ್ತವರಲ್ಲಿ ಇಬ್ಬರು ಈಗಲೂ ಬೈತಖೋಲದಲ್ಲೇ ಇದ್ದಾರೆ, ಮಾಬ್ಲ ಮತ್ತು ರಾಮನಾಥ. ನಾಳೆ ಹೋಗಿ ಕೇಳಿ.